ಮೈಕಿನ ಮುಂದೆ ತಾಯಿಯ ಹೆಸರು

ಮಾ ಹ್ವಾಜಾಳ ಗಂಟಲಲ್ಲಿ ಒಂದಿಡೀ ಊರು ಬಿಡಾರ ಹೂಡಿತ್ತು. ವಿಚ್ಛೇದನದ ತೀರ್ಪು ಓದುತ್ತಲೇ ಆಕಳಿಸುವ ನ್ಯಾಯಾಧೀಶ, ಹೆತ್ತವಳು ಸೊಸೆಯಾದರೂ ಹೆಣ್ಣು ಕೂಸೆಂದು ತಿಳಿದೊಡನೆ ತಾನೇ ಸುಸ್ತಾಗಿ ಮಲಗುವ ಅತ್ತೆ, ಸಂಸತ್ತಿನಲ್ಲಿ ಗೊರಕೆಯ ನಡುವೆ "ವಿರೋಧವಿದೆ!" ಎಂದು ಕೂಗಿ ಮತ್ತೆ ಗೊರಕೆಗೆ ಮರಳುವ ಸದಸ್ಯ, ಎಲ್ಲರೂ ಅಲ್ಲಿ ಬಾಡಿಗೆ ಕೊಡದೆ ಇದ್ದರು. ಸೋಲ್ ನಗರದಲ್ಲಿ ಅವಳ ಭಾಷಣವೆಂದರೆ ಸಾಕು, ಹೆಂಗಸರು ಒಲೆ ಆರಿಸಿ ಬರುತ್ತಿದ್ದರು. ಅಲ್ಲಿ ಕೂತಷ್ಟು ಹೊತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಅದೇ ಹೊಟ್ಟೆ ಸಿಟ್ಟಿನಿಂದ ಉರಿಯಲು ಶುರುವಾಗುತ್ತಿತ್ತು. ಹ್ವಾಜಾಳಿಗೆ ಬೇಕಾದದ್ದೂ ಅದೇ.

ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಮದುವೆ ಮಾಡಿಸುವ ಹಿರಿಯನ ಅನುಕರಣೆಗೆ. ಎಲ್ಲ ಮದುವೆಗಳಲ್ಲೂ ಅಂಥವನೊಬ್ಬ ಇರುತ್ತಾನಲ್ಲ, ನಿವೃತ್ತ ಹೆಡ್‌ಮಾಸ್ತರನೋ ಪ್ರೊಫೆಸರನೋ. ಎದೆಗೆ ಹೂವು ಚುಚ್ಚಿಕೊಂಡು, ಕೈಗೆ ಬಿಳಿ ಗವಸು ತೊಟ್ಟು, ವಧೂವರರನ್ನು ಎದುರಿಗೆ ನಿಲ್ಲಿಸಿಕೊಂಡು ಉಪದೇಶ ಕುಟ್ಟುವವನು. ಹ್ವಾಜಾ ಗದ್ದವನ್ನು ಕುತ್ತಿಗೆಗೆ ಒತ್ತಿ, ದನಿಯನ್ನು ಬಾವಿಗಿಳಿಸಿ ಶುರು ಮಾಡುತ್ತಿದ್ದಳು: "ಆಹೆಮ್! ನಿಮ್ಮ ಕರಿಗೂದಲು ಈರುಳ್ಳಿ ಬೇರಿನ ಹಾಗೆ ಬೆಳ್ಳಗಾಗುವ ತನಕ ಕೂಡಿ ಬಾಳಿರಿ. ಆಹೆಮ್! ವಧು, ಶ್ರೀಮಾನ್ ಇಂಥವರ ಹಿರಿಯ ಮಗಳು..." ಅಲ್ಲಿಗೆ ತಟ್ಟನೆ ನಿಲ್ಲಿಸಿ, ತನ್ನ ಸ್ವಂತ ದನಿಯಲ್ಲಿ, "ಅಲ್ರೀ ಮಾಸ್ತರೇ, ಶ್ರೀಮಾನ್ ಇಂಥವರು ಒಬ್ಬರೇ ಹೆತ್ತರಾ? ಎಷ್ಟು ಹೊತ್ತು ನೋವು ತಿಂದರು ಪಾಪ?" ಎನ್ನುವಳು. ಸಭೆ ಎದ್ದು ಬೀಳುತ್ತಿತ್ತು. ಮದುವೆಯ ಮೈಕಿನಲ್ಲಿ ತಾಯಿಯ ಹೆಸರನ್ನೂ ಹೇಳಬೇಕು ಎಂದು ಅವಳು ಎಷ್ಟು ಪತ್ರಿಕೆಗಳಲ್ಲಿ ಬರೆದಿದ್ದಳೋ. ಹೆಂಗಸರನ್ನು ಇಂಥವರ ಅಮ್ಮ ಎಂದು ಕೂಗದೆ ಹೆಸರು ಹಿಡಿದು ಕರೆಯಿರಿ ಎಂದೂ ಬರೆದಿದ್ದಳು. "ಮದುವೆಯಾದ ಮೇಲೂ ನಮ್ಮ ಹೆಣ್ಣಿಗೆ ತವರಿನ ಕುಲನಾಮ ಉಳಿಯುತ್ತದೆ, ನಿಜ. ಅದೊಂದನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ" ಎಂಬುದು ಅವಳ ಮಾತು.

ಇಷ್ಟೆಲ್ಲ ಆಡುವವಳನ್ನು ಇಂಥವರ ಅಮ್ಮ ಎಂದು ಕರೆಯುವವರೇ ಜಗತ್ತಿನಲ್ಲಿ ಇರಲಿಲ್ಲ. ಓಣಿಯ ಹೆಂಗಸರೆಲ್ಲ ಬಾವಿಕಟ್ಟೆಯ ಕಾಲದಿಂದಲೂ ಜೊಂಗ್ಮಿನ್‌ನ ಅಮ್ಮ, ಹೆಸೂಕಳ ಅಮ್ಮ. ಹ್ವಾಜಾ ಮಾತ್ರ "ಗುರುಗಳು". ಕುಲನಾಮದಲ್ಲೇ ಮಾ ಎಂದಿದ್ದರೂ ಅಮ್ಮ ಎನ್ನುವವರಿಲ್ಲ.

ಮಗಳು ಇಲ್ಲದೆ ಇರಲಿಲ್ಲ. ದೇಗು ಪಟ್ಟಣದ ತಾಕ್ ಮನೆತನದಲ್ಲಿ ಹ್ವಾಜಾ ಕೆಲವು ವರ್ಷ ಸೊಸೆಯಾಗಿದ್ದಳು. ಹೆಣ್ಣು ಮಗು ಹುಟ್ಟಿದಾಗ ಲಿಲ್ಲಿ ಹೂವಿನ ಹೆಸರು, ನಾರಿ, ಎಂದು ಹಟ ಹಿಡಿದು ಇಟ್ಟಳು. ಹಳೆಯ ಕಾಲದ ಮಾತಿನಲ್ಲಿ ಆಳುಗಳು ಧಣಿಯನ್ನು ಕರೆಯುತ್ತಿದ್ದದ್ದೂ ನಾರಿ ಎಂದೇ. ಮಾವ ತಂಬಾಕಿನ ಕೊಳವೆ ಸೇದುತ್ತಾ ಗೊಣಗಿದ್ದ: "ಅಂದ್ರೆ ನಾನು ಮೊಮ್ಮಗಳನ್ನ ಒಡೆಯಾ, ಒಡೆಯಾ ಅಂತ ಕೂಗ್ಬೇಕಾ? ನಾಳೆ ಅವಳ ಒಗೆಯೋ ಬಟ್ಟೇನೂ ನಂಗೇ ಕೊಡ್ತೀಯೇನಮ್ಮ?" ಮಗುವಿಗೆ ಮಾತು ಬರುವ ಮುಂಚೆಯೇ ಮದುವೆ ಮುರಿಯಿತು. ಕಾನೂನಿನ ಪ್ರಕಾರ ಮಗು ತಂದೆಯ ಮನೆಯ ಸ್ವತ್ತು. ಹ್ವಾಜಾ ಒಂದು ಹಾಸಿಗೆ, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ಸೋಲ್ ನಗರಕ್ಕೆ ಬಂದಳು. ಗಂಡ ತಾಕ್ ಸಾಂಗ್‌ಮುಕ್ ಮರುಮದುವೆಯಾದ. ಹೊಸ ಹೆಂಡತಿಯ ಹೆಸರು ಅಮ್ ಸುಂದೊಕ್ ಎಂದು ಯಾರೋ ಹೇಳಿದ್ದರು. ಹೇಳದಿದ್ದರೆ ಚೆನ್ನಾಗಿತ್ತು, ಕೇಳಿದ ಹೆಸರನ್ನು ಮರೆಯಲು ಅವಳ ಕಿವಿಗೆ ಬರುತ್ತಿರಲಿಲ್ಲ.

ಅಲ್ಲಿಂದಾಚೆಗೆ ಹ್ವಾಜಾ ಎಲ್ಲಿ ಬರೆದರೂ ಆ ಒಡೆಯನ ಹಾಸ್ಯವನ್ನು ತುರುಕುತ್ತಿದ್ದಳು. ಮೊಮ್ಮಗಳನ್ನು ಒಡೆಯಾ ಎಂದು ಕೂಗಬೇಕಾದ ಅಜ್ಜನ ಕಥೆ ಅಡುಗೆಯ ಅಂಕಣದಲ್ಲೂ ಬಂತು, ಆಸ್ತಿಹಕ್ಕಿನ ಲೇಖನದಲ್ಲೂ ಬಂತು. "ಗುರುಗಳೇ, ಇದೊಂದು ಜೋಕು ಈಗ ಸವೆದ ಚಪ್ಪಲಿ" ಎಂದು ಸಂಪಾದಕರು ಅಲವತ್ತುಕೊಂಡರು. "ಸವೆದಷ್ಟೂ ದೂರ ನಡೆದಿದೆ ಅಂತ ಅರ್ಥ, ಹಾಕ್ರಿ" ಎನ್ನುತ್ತಿದ್ದಳು. ಯಾರನ್ನು ಮುಟ್ಟಲೆಂದು ನಡೆಯುತ್ತಿದೆ ಎಂದು ಯಾರಿಗೂ ಹೇಳಲಿಲ್ಲ.

ಆ ವಸಂತದಲ್ಲಿ ಹ್ವಾಜಾ ಹೆಂಗಸರಿಗೆಂದು ನಡೆಸುತ್ತಿದ್ದ ಆಪ್ತಸಲಹೆಯ ಕಚೇರಿಗೆ ಒಂದು ಫೋನ್ ಬಂತು. ಗಂಡು ದನಿ, ಉತ್ಸಾಹದಿಂದ ಉಕ್ಕುತ್ತಿದ್ದದ್ದು.

"ಗುರುಗಳೇ, ನನ್ನ ಹೆಸರು ಬಾಂಗ್ ಇನ್ಹೊ. ದೇಗುವಿನಲ್ಲಿ ಮದುವೆ. ಹಿರಿಯರ ಸ್ಥಾನದಲ್ಲಿ ನಿಂತು ನೀವೇ ನಡೆಸಿಕೊಡಬೇಕು."

"ಗಂಡಸರಿಗೆ ಬರ ಬಂದಿದೆಯೇನಪ್ಪ ದೇಗುವಿನಲ್ಲಿ?"

"ಗಂಡಸರು ಬೇಡ ಅಂತ ನನ್ನ ಹುಡುಗಿ ಹಟ ಮಾಡ್ತಿದಾಳೆ. ಅವಳೇ ನಿಮ್ಮ ಹೆಸರು ಹೇಳಿದ್ದು. ತಾಕ್ ನಾರಿ ಅಂತ."

ಹ್ವಾಜಾಳ ಗಂಟಲಲ್ಲಿದ್ದ ಊರಿಗೆ ಊರೇ ಆ ಗಳಿಗೆ ಬಾಗಿಲು ಹಾಕಿಕೊಂಡಿತು. ಅತ್ತ ಕಡೆಯಿಂದ "ಹಲೋ? ಹಲೋ?" ಎಂದು ಕೂಗಿದ ಮೇಲೆ, "ಭಾನುವಾರ ಬನ್ನಿ" ಎಂಬ ಎರಡು ಮಾತನ್ನು ಹೊರಗೆ ತಳ್ಳಿದಳು.

ಬಂದರು. ಇನ್ಹೊ ದೇಗುವಿನ ಸೇಬಿನ ಪೆಟ್ಟಿಗೆ ಹೊತ್ತು ಬಾಗಿಲಲ್ಲೇ ಎಡವಿದ. ಹಿಂದೆ ಬಂದ ಹುಡುಗಿ ಮೊದಲು ಮಾಡಿದ ಕೆಲಸ ಅಂದರೆ, ಹೊಸಿಲ ಬಳಿ ಚೆಲ್ಲಾಡಿದ್ದ ಚಪ್ಪಲಿಗಳನ್ನೆಲ್ಲ ಬಾಗಿ, ಮೂತಿ ಹೊರಗಾಗುವಂತೆ ಜೋಡಿ ಜೋಡಿ ತಿರುಗಿಸಿಟ್ಟದ್ದು. ಹ್ವಾಜಾಳ ಹರಕು ಚಪ್ಪಲಿಯನ್ನೂ ಸೇರಿಸಿ. ಎಷ್ಟು ಸಲೀಸಾಗಿ ಮಾಡಿದಳೆಂದರೆ ಯಾರೋ ಕೂತು, ಬೇಸರವಿಲ್ಲದೆ, ದಿನಾ ಕಲಿಸಿದ್ದು ಗೊತ್ತಾಗುತ್ತಿತ್ತು. ಕಲಿಸಿದವಳು ತಾನಲ್ಲ. ಮಗಳ ಬಗ್ಗೆ ಹ್ವಾಜಾಳಿಗೆ ತಿಳಿದ ಮೊದಲ ಸಂಗತಿ ಅದು.

ಇಬ್ಬರೂ ನೆಲಕ್ಕೆ ಹಣೆ ತಾಗಿಸಿ ನಮಸ್ಕರಿಸಿದರು. ಬಾರ್ಲಿ ಚಹಾ ಆಯಿತು. ಇನ್ಹೊ ಬಾಯಿ ಮುಚ್ಚಲಿಲ್ಲ.

"ನಿಮ್ಮ ಭಾಷಣ ಕೇಳಿ ನಾನು ಅಡುಗೆ ಕಲಿತೆ, ಗುರುಗಳೇ."

"ಕಲಿತಿದ್ದು ಇವನು, ನರಳಿದ್ದು ನಾನು" ಎಂದಳು ನಾರಿ, ಸೇಬು ಹೆಚ್ಚುತ್ತಾ. ಅಷ್ಟು ಮಾತಿನಲ್ಲಿ ದೇಗುವಿನ ಎಳೆತ, ಕೊನೆಯ ಅಕ್ಷರವನ್ನು ಬಡಿದು ಕೂರಿಸುವ ರೀತಿ, ಎಲ್ಲ ಇತ್ತು. ಹ್ವಾಜಾ ಸೇಬನ್ನು ಬಾಯಿಗಿಟ್ಟುಕೊಂಡು ಅಗಿಯದೆ ಕೂತಳು. ಅಗಿದರೆ ಆ ಸದ್ದಿನಲ್ಲಿ ಒಂದಕ್ಷರ ತಪ್ಪಿಹೋದೀತು.

"ಇವಳ ಅಪ್ಪನಿಗೆ ಒಬ್ಬ ಸಾಹಿತಿ ಬರ್ತಾರೆ ಅಂತಷ್ಟೇ ಹೇಳಿದೀವಿ" ಎಂದ ಇನ್ಹೊ. "ಸಾಹಿತಿ ಅಂದ್ರೆ ಮೀಸೆ ಇದ್ದೇ ಇರುತ್ತೆ ಅಂದ್ಕೊಂಡು ಅವರೂ ಸುಮ್ಮನಾದ್ರು. ಇನ್ನೊಂದು ಆಸೆ, ಗುರುಗಳೇ. ನೀವು ಬರೆದ ಹಾಗೇ ಆಗ್ಬೇಕು. ಮೈಕಿನಲ್ಲಿ ಇಬ್ಬರ ತಾಯಂದಿರ ಹೆಸರೂ ಹೇಳ್ಬೇಕು. ನಮ್ಮ ಕಡೆ ಅಮ್ಮನ ಹೆಸರು ಹೊಂಗ್ ಒಕ್ಸುನ್. ಅವಳ ಕಡೇದು..." ನಾರಿಯ ಕಡೆ ನೋಡಿದ.

"ನಾನು ಆಮೇಲೆ ಹೇಳ್ತೀನಿ. ನೀನು ಮೊದಲು ಟ್ಯಾಕ್ಸಿ ಹಿಡಿ" ಎಂದಳು ನಾರಿ.

ಅವನು ಓಡಿದ. ಗೇಟಿನ ಬಳಿ ತಾಯಿ ಮಗಳಿಬ್ಬರೇ ನಿಂತರು. ನಾರಿ ತನ್ನ ಬೂಟಿನ ತುದಿ ನೋಡುತ್ತಾ, "ನಮ್ಮ ಅಜ್ಜ ಸಾಯೋವರೆಗೂ ನನ್ನ ಒಡೆಯಾ ಅಂತ್ಲೇ ಕರೀತಿದ್ರು" ಎಂದಳು. "ಆ ಜೋಕು ನಮ್ಮನೆ ಒಳಗೆ ಮಾತ್ರ ಇದ್ದದ್ದು. ಹೈಸ್ಕೂಲಲ್ಲಿದ್ದಾಗ ಬ್ಯೂಟಿ ಪಾರ್ಲರಲ್ಲಿ ಕೂತು ಒಂದು ಹಳೇ ಪತ್ರಿಕೆ ತಿರುವಿ ಹಾಕ್ತಿದ್ದೆ. ಅದ್ರಲ್ಲಿ ಇತ್ತು. ಕೂದಲು ಅರ್ಧ ಕತ್ತರಿಸಿಕೊಂಡೇ ಎದ್ದುಬಂದೆ."

ಹ್ವಾಜಾ ಗೇಟಿನ ಕಂಬಿ ಹಿಡಿದುಕೊಂಡಳು.

"ತಾಯಿ ಹೆಸರು ನಿಮಗೆ ಗೊತ್ತೇ ಇದೆಯಲ್ಲ, ಗುರುಗಳೇ" ಎಂದಳು ನಾರಿ.

"ಯಾವ..." ಎಂದು ಹ್ವಾಜಾ ಬಾಯಿ ತೆರೆಯುವಷ್ಟರಲ್ಲಿ ಓಣಿಯ ತುದಿಯಿಂದ "ಸಿಕ್ತು! ಸಿಕ್ತು!" ಎಂದು ಇನ್ಹೊ ಟ್ಯಾಕ್ಸಿಯೊಳಗಿಂದ ಕೈಬೀಸಿದ. ನಾರಿ ತಲೆಬಾಗಿ ನಮಸ್ಕರಿಸಿ ಹೊರಟುಹೋದಳು. ಯಾವ ಹೆಸರು ಎಂಬುದನ್ನು ಹುಡುಗಿ ಹೇಳದೆ ಹೋದಳು. ಬೇಕೆಂದೇ ಹೇಳದೆ ಹೋದಳು.

ಕಚೇರಿಯಲ್ಲಿ ಈ ಕಥೆ ಗೊತ್ತಿದ್ದವಳು ಒಬ್ಬಳೇ, ಪ್ಯೋ ಇಮ್ಸುನ್. ವಯಸ್ಸಿನಲ್ಲಿ ಕಿರಿಯಳು, ನಾಲಿಗೆಯಲ್ಲಿ ಹಿರಿಯಳು.

"ಅಕ್ಕ, ಇದರಲ್ಲಿ ಯೋಚನೆ ಮಾಡೋದು ಏನಿದೆ? ಮೈಕು ನಿಮ್ಮ ಮುಂದೆ, ಮಗಳು ನಿಮ್ಮ ಮುಂದೆ, ಊರು ನಿಮ್ಮ ಮುಂದೆ. ಕೋರ್ಟು ಕೊಡದೇ ಇದ್ದದ್ದನ್ನ ಮಗಳೇ ತಟ್ಟೇಲಿಟ್ಟು ಕೊಟ್ಟಿದಾಳೆ. ಹೇಳಿಬಿಡಿ ನಿಮ್ಮ ಹೆಸರನ್ನ."

"ಆಮೇಲೆ ಆ ಹಳೇ ಗಂಡ ಎದೆ ಹಿಡ್ಕೊಂಡು ಬಿದ್ರೆ?"

"ಎತ್ತೋಕೆ ಅಲ್ಲಿ ಜನ ಇರ್ತಾರೆ. ನೀವು ಮದುವೆ ಶಾವಿಗೆ ತಿಂದು ರೈಲು ಹತ್ತಿ ಬನ್ನಿ."

ಹ್ವಾಜಾ ಹೇಳಿಯೇ ಬಿಡುವುದೆಂದು ತೀರ್ಮಾನಿಸಿದಳು. ಅಕ್ಕಿ ತೊಳೆಯುವಾಗ, ಒಲೆಗೆ ಕಲ್ಲಿದ್ದಲ ಬಿಲ್ಲೆ ಬದಲಿಸುವಾಗ, ಬಸ್ಸಿನ ಸಾಲಿನಲ್ಲಿ ನಿಂತಾಗ ಅಭ್ಯಾಸ ಮಾಡಿದಳು: "ಶ್ರೀ ತಾಕ್ ಸಾಂಗ್‌ಮುಕ್ ಮತ್ತು ಶ್ರೀಮತಿ ಮಾ ಹ್ವಾಜಾ ಇವರ ಹಿರಿಯ ಮಗಳು ತಾಕ್ ನಾರಿ." ಆಕಳಿಸುವ ನ್ಯಾಯಾಧೀಶನ ದನಿಯಲ್ಲಿ ಹೇಳಿ ನೋಡಿದಳು, ಸರಿ ಬಂತು. ಮೀನು ಮಾರುವವಳ ದನಿಯಲ್ಲಿ ಹೇಳಿದಳು, ತಾಜಾ ಮೀನಿನ ಹಾಗೆ ಪುಟಿಯಿತು. ಸ್ವಂತ ದನಿಯಲ್ಲಿ ಹೇಳಹೋದರೆ ಮಾತ್ರ ‘ಮಾ’ ಎಂಬಲ್ಲಿ ನಾಲಿಗೆ ತೊಡರುತ್ತಿತ್ತು. ಅಲ್ಲಿ ತೊಡರದ ಹಾಗೆ, ಅದೊಂದು ಅಕ್ಷರವನ್ನು ಮತ್ತೆ ಮತ್ತೆ ನಾಲಿಗೆಗೆ ಉಜ್ಜಿ ಉಜ್ಜಿ ಪಳಗಿಸಿದಳು.

ದೇಗುವಿನ ಆ ಕಲ್ಯಾಣಮಂಟಪ ಮೂರಂತಸ್ತಿನದು. ಅಂತಸ್ತಿಗೊಂದು ಮದುವೆ, ಮೆಟ್ಟಿಲ ಮೇಲೆ ಬೇರೆ ಬೇರೆ ಮದುವೆಗಳ ಮದುಮಗಳಂದಿರು ಒಬ್ಬರ ಲಂಗದ ಅಂಚನ್ನೊಬ್ಬರು ತುಳಿಯುತ್ತಿದ್ದರು. ಹ್ವಾಜಾ ಬೂದು ರೇಷ್ಮೆಯ ಉಡುಪಿನಲ್ಲಿ ಬಂದಾಗ ಗಂಡಿನ ಅಜ್ಜಿ ಮೊದಲ ಸಾಲಿನಿಂದಲೇ ಕೇಳಿದಳು, ಪಿಸುಗುಟ್ಟುತ್ತಿದ್ದೇನೆಂದು ನಂಬಿಕೊಂಡು, ಇಡೀ ಹಾಲಿಗೆ ಕೇಳುವಂತೆ:

"ಯಾರೇ ಇವಳು? ಹೂವು ಚುಚ್ಚಿದ್ದಾರಲ್ಲ ಎದೆಗೆ, ಹಿರಿಯ ಎಲ್ಲಿ?"

"ಅವರೇ ಹಿರಿಯರು, ಅಜ್ಜಿ."

"ಹೆಂಗಸಾ? ಕಾಲ ಕೆಡ್ತು. ಇನ್ನು ಹೇಂಟೆಗಳೇ ಕೂಗ್ತವೆ, ಹುಂಜಗಳು ಮೊಟ್ಟೆ ಇಡ್ತವೆ."

ಹ್ವಾಜಾ ಬಿಳಿ ಗವಸು ತೊಟ್ಟು ವೇದಿಕೆಯ ಮೇಲೆ ಮೈಕಿನ ಹಿಂದೆ ನಿಂತಳು. ಮೊದಲು ತಾಯಂದಿರು ಬಂದು ದೀಪ ಹಚ್ಚುವ ಕ್ರಮ. ಗಂಡಿನ ತಾಯಿ ನೀಲಿ ಮೇಣದಬತ್ತಿ ಹಚ್ಚಿ ಇಳಿದಳು. ಆಮೇಲೆ ಗುಲಾಬಿ ಬಣ್ಣದ ಉದ್ದ ಲಂಗದಲ್ಲಿ ಒಬ್ಬ ಸಣಕಲು ಹೆಂಗಸು ಕೆಂಪು ಬತ್ತಿಯ ಬಳಿ ಬಂದಳು. ಬತ್ತಿ ಹತ್ತಲಿಲ್ಲ. ಫ್ಯಾನಿನ ಗಾಳಿಗೆ ಅಡ್ಡವಾಗಿ ಅಂಗೈ ಹಿಡಿದು, ಕುತ್ತಿಗೆ ಮುಂದೆ ಚಾಚಿ, ಜ್ವರ ಬಂದ ಮಗುವಿನ ಹಣೆಗೆ ಬಾಗುವ ಹಾಗೆ ಬಾಗಿ ಹಚ್ಚಿದಳು. ತಲೆ ಎತ್ತಿದಾಗ ಎದುರಿಗೆ ಹ್ವಾಜಾ.

ಅಮ್ ಸುಂದೊಕ್‌ಗೆ ಗುರುತು ಸಿಕ್ಕಿತು. ಪತ್ರಿಕೆಗಳಲ್ಲಿ ಮುಖ ನೋಡಿದ್ದಿರಬೇಕು. ಅವಳು ಮುಖ ತಿರುಗಿಸಲಿಲ್ಲ. ಸೊಂಟದವರೆಗೂ ಬಾಗಿ ನಮಸ್ಕರಿಸಿ, ಹೋಗಿ ತಾಯಿಯ ಕುರ್ಚಿಯ ತುದಿಯಲ್ಲಷ್ಟೇ ಕೂತಳು. ಎದ್ದು ಹೋಗು ಎಂದರೆ ಏಳಲು ಸುಲಭವಾಗಲಿ ಎಂಬ ಹಾಗೆ.

ಟೇಪಿನಲ್ಲಿ ಮದುವೆಯ ವಾದ್ಯ ಶುರುವಾಯಿತು. ತಾಕ್ ಸಾಂಗ್‌ಮುಕ್ ಮಗಳ ಕೈ ಹಿಡಿದು ಕೆಂಪು ಹಾಸಿನ ಮೇಲೆ ಬಂದ. ತಲೆ ನರೆತಿತ್ತು, ಅಪ್ಪಟ ಈರುಳ್ಳಿ ಬೇರು. ಅರ್ಧ ದಾರಿಯಲ್ಲಿ ವೇದಿಕೆ ನೋಡಿ ನಿಂತುಬಿಟ್ಟ. ವಾದ್ಯ ಮುಂದೆ ಹೋಯಿತು, ಮದುಮಗಳ ತಂದೆ ಹಿಂದೆ ಉಳಿದ. ಇಷ್ಟು ನೆಂಟರ ಮುಂದೆ ಮಾನ ದೊಡ್ಡದೋ ಕೋಪ ದೊಡ್ಡದೋ ಎಂದು ಅವನ ಕೊರಳ ಗಂಟು ಮೇಲೆ ಕೆಳಗೆ ಓಡಾಡಿ ಲೆಕ್ಕ ಹಾಕಿತು.

"ನಡೀರಿ ಅಪ್ಪ, ಕ್ಯಾಸೆಟ್ ಮುಗಿದುಹೋಗುತ್ತೆ" ಎಂದಳು ನಾರಿ ಮೆಲ್ಲಗೆ. ಮಾನ ಗೆದ್ದಿತು. ನಡೆದ.

ಈಗ ಮಗಳು ಎದುರಿಗೇ ಇದ್ದಳು. ಮುಸುಕಿನ ಬಲೆಯ ಹಿಂದೆ ಕಣ್ಣು ಕಾಣುತ್ತಿತ್ತು; ಅದರಲ್ಲಿ ಏನಿದೆ ಎಂದು ಕಾಣುತ್ತಿರಲಿಲ್ಲ. ಹ್ವಾಜಾ ಮೈಕಿಗೆ ಬಾಗಿದಳು.

"ವರ, ಶ್ರೀ ಬಾಂಗ್ ಜಿನ್ತೇಕ್ ಮತ್ತು ಶ್ರೀಮತಿ ಹೊಂಗ್ ಒಕ್ಸುನ್ ಇವರ ಎರಡನೆಯ ಮಗ, ಬಾಂಗ್ ಇನ್ಹೊ."

ಹಾಲಿನಲ್ಲಿ ಗುಜುಗುಜು. ಅಜ್ಜಿಯ ಪಿಸುಮಾತು ಗೋಡೆಗೆ ಬಡಿದು ವಾಪಸು ಬಂತು: "ನಮ್ಮ ಸೊಸೆ ಹೆಸರು ಒಕ್ಸುನ್ನಾ? ಇಷ್ಟು ವರ್ಷ ನಂಗೇ ಗೊತ್ತಿರ್ಲಿಲ್ಲವಲ್ಲೇ!"

"ವಧು, ಶ್ರೀ ತಾಕ್ ಸಾಂಗ್‌ಮುಕ್ ಮತ್ತು ಶ್ರೀಮತಿ..."

ಹ್ವಾಜಾ ನಿಲ್ಲಿಸಿದಳು. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಪಳಗಿದ ಕುದುರೆಯ ಹಾಗೆ, ಒಂದು ಸನ್ನೆ ಸಾಕು. ಆಗ ಅವಳ ಕಣ್ಣು ಕೆಳಗಿನ ಕುರ್ಚಿಗೆ ಹೋಯಿತು. ಸುಂದೊಕ್ ಕಣ್ಣು ಮುಚ್ಚಿಕೊಂಡಿದ್ದಳು. ಲಂಗದ ಮಡಿಕೆಗಳನ್ನು ಎರಡೂ ಕೈಯಿಂದ ಅದುಮಿ ಹಿಡಿದು, ಕೆನ್ನೆಯನ್ನು ಸ್ವಲ್ಪ ಓರೆ ಮಾಡಿ, ಏಟು ಬೀಳುವುದು ಖಾತ್ರಿ ಎಂದು ತಿಳಿದವಳ ಹಾಗೆ ಕಾಯುತ್ತಿದ್ದಳು. ಅಕ್ಕಪಕ್ಕದಲ್ಲಿ ದೇಗುವಿನ ನೆಂಟರು, ನೆರೆಯವರು. ಅವರಿಗೆಲ್ಲ ಅವಳು ನಾರಿಯ ಅಮ್ಮ. ಈ ಒಂದು ಉಸಿರಿನ ಆಚೆಗೆ ಏನೂ ಅಲ್ಲ.

ತಾಯಿಯ ಹೆಸರನ್ನು ಒರೆಸಬೇಡಿ ಎಂದು ಊರೂರು ಸುತ್ತಿ ಗಂಟಲು ಹರಿದುಕೊಂಡವಳು ಹ್ವಾಜಾ. ಈಗ ಒರೆಸುವ ಬಟ್ಟೆ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಹೊಳೆಯಿತು. ಹಾಳಾದ್ದು, ಅದೇ ಗಳಿಗೆಯಲ್ಲಿ ಹೊಳೆಯಬೇಕಿತ್ತೇ? ಕುದುರೆಯ ಲಗಾಮು ಎಳೆದಳು. ಉಸಿರು ತೆಗೆದುಕೊಂಡು ಸುಂದೊಕ್‌ಳ ಕುಲನಾಮ ಹೇಳಿದಳು.

"ಅಮ್..."

ಬುದ್ಧಿ ತಿರುಗಿತ್ತು, ನಾಲಿಗೆ ತಿರುಗಿರಲಿಲ್ಲ. ಅಕ್ಕಿ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಉಜ್ಜಿ ಪಳಗಿಸಿದ ಅಕ್ಷರ ತಾನಾಗಿಯೇ ಹಾರಿ ಬಿತ್ತು.

"...ಮಾ."

ದೊಡ್ಡ ಧ್ವನಿವರ್ಧಕಗಳೆರಡೂ ಸೇರಿ ಇಡೀ ಹಾಲಿಗೆ, ಮೆಟ್ಟಿಲಿನಲ್ಲಿದ್ದ ಬೇರೆ ಮದುವೆಯವರಿಗೂ, ಸ್ಪಷ್ಟವಾಗಿ ಕೇಳಿಸಿದವು: "ಅಮ್ಮಾ."

ಎದೆಗೆ ಹೂವು ಚುಚ್ಚಿಕೊಂಡ ಹಿರಿಯರು, ನಡುಮಂಟಪದಲ್ಲಿ ದಾರಿ ತಪ್ಪಿದ ಕೂಸಿನ ಹಾಗೆ ಅಮ್ಮಾ ಎಂದಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡಿತು. ಮುಸುಕಿನ ಹಿಂದೆ ನಾರಿ ತುಟಿ ಕಚ್ಚಿದಳು, ಭುಜ ಕುಲುಕಿತು, ಆಮೇಲೆ ತಡೆಯಲಾರದೆ, ಹೂಗುಚ್ಛ ನಡುಗುವಂತೆ, ಬಾಯಿಬಿಟ್ಟು ನಕ್ಕೇಬಿಟ್ಟಳು. ಕಣ್ಣಿನಿಂದ ನೀರೂ ಬರುತ್ತಿತ್ತು. ನಗುವಿಗೋ ಬೇರೆಯದಕ್ಕೋ, ಬಣ್ಣವಂತೂ ಕರಗಿತು.

"ಅಯ್ಯೋ ಮದುಮಗಳೇ, ನಗಬೇಡ್ವೇ!" ಅಜ್ಜಿ ಎದ್ದು ನಿಂತೇ ಕೂಗಿದಳು. "ಮಂಟಪದಲ್ಲಿ ನಕ್ರೆ ಚೊಚ್ಚಲು ಹೆಣ್ಣಾಗುತ್ತೆ!"

"ಆಗಲಿ ಬಿಡಿ ಅಜ್ಜಿ" ಎಂದಳು ಹ್ವಾಜಾ ಮೈಕಿನಲ್ಲೇ. "ಅವಳ ಮದುವೆಗೂ ನಾನೇ ಬರ್ತೀನಿ."

ಈ ಸಲ ಹೆಂಗಸರ ಸಾಲುಗಳು ಚಪ್ಪಾಳೆ ಹೊಡೆದವು. ಆ ಸದ್ದಿನ ಮರೆಯಲ್ಲಿ ಹ್ವಾಜಾ ಗದ್ದವನ್ನು ಕುತ್ತಿಗೆಗೆ ಒತ್ತಿದಳು. ಸ್ವಂತ ದನಿಗೆ ಆ ವಾಕ್ಯ ಹೇಳುವ ತ್ರಾಣ ಇರಲಿಲ್ಲ. ಜೀವಮಾನವಿಡೀ ಆಡಿಕೊಂಡು ನಕ್ಕಿದ್ದ ಮುದಿ ಹೆಡ್‌ಮಾಸ್ತರನನ್ನೇ ಕರೆದು ನಿಲ್ಲಿಸಿದಳು. ಪಾಪ, ಅವನು ಬಂದ.

"ಆಹೆಮ್! ಶ್ರೀ ತಾಕ್ ಸಾಂಗ್‌ಮುಕ್ ಮತ್ತು ಶ್ರೀಮತಿ ಅಮ್ ಸುಂದೊಕ್ ಇವರ ಹಿರಿಯ ಮಗಳು, ತಾಕ್ ನಾರಿ!"

ಸುಂದೊಕ್ ಕಣ್ಣು ತೆರೆದಳು.

ಕೆಳಗಿನ ಊಟದ ಹಾಲಿನಲ್ಲಿ ಶಾವಿಗೆಯ ಬಟ್ಟಲುಗಳು ಹಬೆಯಾಡುತ್ತಿದ್ದವು. ಹ್ವಾಜಾಳನ್ನು ಗೌರವದ ಮೇಜಿನಲ್ಲಿ ಒಂಟಿಯಾಗಿ ಕೂರಿಸಿದ್ದರು. ತಾಕ್ ಸಾಂಗ್‌ಮುಕ್ ಹಾದುಹೋಗುತ್ತಾ, ಅವಳ ತಲೆಯ ಮೇಲಿನ ಗೋಡೆಗೆ, "ಚೆನ್ನಾಗಿ ನಡೆಸಿಕೊಟ್ರಿ" ಎಂದು ಹೇಳಿ ಗೋಡೆಯಿಂದ ಉತ್ತರ ಬರುವ ಮುಂಚೆ ಹೋದ.

ಸುಂದೊಕ್ ಬಟ್ಟಲು ಹಿಡಿದುಕೊಂಡು ಎದುರಿಗೆ ಬಂದು ಕೂತಳು. ಇಬ್ಬರೂ ಶಾವಿಗೆಯನ್ನು ನೋಡಿದರು. ಅಷ್ಟರಲ್ಲಿ ಉಡುಪು ಬದಲಿಸಿದ ನಾರಿ, ಗಂಡಿನ ಕಡೆಯ ಅತ್ತೆಯರ ದಂಡಿನ ನಡುವೆ, ಮೇಜಿನಿಂದ ಮೇಜಿಗೆ ಬಂದಳು.

"ಗುರುಗಳೇ, ಅಷ್ಟು ದೂರದಿಂದ ಬಂದಿರಿ. ಹೊಟ್ಟೆ ತುಂಬ ಊಟ ಮಾಡಿ" ಎಂದು ಬಾಗಿದಳು. ಕಣ್ಣಿನ ಅಂಚು ಇನ್ನೂ ಕೆಂಪಗಿತ್ತು. ಬಾಗಿದವಳು ಏಳುವುದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡಳು. ಆಮೇಲೆ ಸುಂದೊಕ್‌ಳ ಕಡೆ ತಿರುಗಿ, "ಅಮ್ಮ, ನನ್ನ ಬ್ಯಾಗೆಲ್ಲಿ?" ಎಂದಳು.

"ಕಾರಲ್ಲೇ ಇಟ್ಟಿದೀನಿ. ಗುಳಿಗೆ ಪಕ್ಕದ ಜೇಬಲ್ಲಿದೆ, ವಿಮಾನ ಹತ್ತೋ ಮುಂಚೆ ನುಂಗು."

"ಆಯ್ತಮ್ಮ."

ಎಷ್ಟು ಅಸಡ್ಡೆಯಿಂದ ಕರೆದಳು! ಬಾಗಿಲು ತಳ್ಳುವ ಹಾಗೆ, ಅತ್ತ ಏನಿದೆ ಎಂದು ನೋಡದೆ. ಹ್ವಾಜಾಳಿಗೆ ಬೇಕಾದದ್ದು ಆ ಅಸಡ್ಡೆಯೇ. ಅಮ್ಮ ಎಂದು ಅಳುತ್ತಾ ಅಪ್ಪಿಕೊಂಡಾಳು ಎಂಬ ಆಸೆ ಎಂದೋ ಸವೆದಿತ್ತು. ಬ್ಯಾಗೆಲ್ಲಿ ಎಂದು ಕೇಳಲಿ, ಉಪ್ಪು ಜಾಸ್ತಿ ಎಂದು ರೇಗಲಿ ಎಂಬುದು ಮಾತ್ರ ಉಳಿದಿತ್ತು. ವಧೂವರರು ಹೊರಟರು. ಹೊರಗೆ ಕಾರಿಗೆ ಕಟ್ಟಿದ ಡಬ್ಬಗಳು ಗಲಗಲ ಸದ್ದು ಮಾಡುತ್ತಾ ಬೀದಿಯ ತಿರುವಿನಲ್ಲಿ ಕಡಿಮೆಯಾದವು.

"ನನ್ನ ಹೆಸರನ್ನ ಅಷ್ಟು ಜೋರಾಗಿ ಯಾರೂ ಹೇಳಿರ್ಲಿಲ್ಲ" ಎಂದಳು ಸುಂದೊಕ್. "ಇವರು ‘ಏ, ನಾರಿ ಅಮ್ಮ’ ಅಂತಾರೆ. ಪೋಸ್ಟ್‌ಮ್ಯಾನೂ ಅದೇ. ಹೆಡ್‌ಮಾಸ್ತರ್ ದನೀಲಿ ಹೇಳಿದ್ರಿ, ಆದ್ರೂ... ನಂದೇ ಹೆಸರು ಅಂತ ಎದೆ ಹಾರ್ತು."

"ತಪ್ಪಿ ಬಾಯಿಗೆ ಇನ್ನೊಂದು ಬಂದುಬಿಡ್ತು."

"ಅಮ್ ಅಂದ್ರಿ, ಮಾ ಅಂದ್ರಿ. ಎಲ್ರಿಗೂ ತಮಾಷೆ ಆಯ್ತು. ನಂಗೇನೋ, ಸರಿಯಾಗೇ ಹೇಳಿದ್ರಿ ಅನ್ನಿಸ್ತು." ಸುಂದೊಕ್ ಊಟದ ಕಡ್ಡಿಗಳಿಂದ ಒಂದೆಳೆ ಶಾವಿಗೆ ಎತ್ತಿ ಮತ್ತೆ ಇಳಿಸಿದಳು. "ಅವಳು ನಕ್ಕಳಲ್ಲ, ಆ ನಗು ನಮ್ಮನೇಲಿ ಯಾರದ್ದೂ ಅಲ್ಲ. ಯಾರದ್ದಪ್ಪ ಇದು ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ."

ಹ್ವಾಜಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ನಾಚಿಕೆ ಬಿಟ್ಟು ಕೇಳಿದಳು:

"ಚಿಕ್ಕವಳಿದ್ದಾಗ ಅವಳು ಹೇಗೆ ಮಾತಾಡ್ತಿದ್ಲು?"

"ಹೇಗೆ ಅಂದ್ರೆ? ಮಕ್ಕಳ ಹಾಗೆ."

"ದನಿ. ದನಿ ಹೇಗಿತ್ತು? ನಂಗೆ ಎಲ್ಲರ ದನೀನೂ ಬರುತ್ತೆ. ಅವಳದ್ದು ಬರಲ್ಲ. ಕೇಳಿದ್ರೆ ತಾನೆ."

ಕೆಲಸದವರು ಪಕ್ಕದ ಮೇಜಿನ ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು, ಮುಂದಿನ ಮದುವೆಯ ಪಂಕ್ತಿಗೆ.

"ನಾನು ಆ ಮನೆಗೆ ಹೋದ ಮೇಲೆ ತುಂಬ ದಿನ ಅವಳು ನನ್ನ ಏನಂತಲೂ ಕರೀತಿರ್ಲಿಲ್ಲ. ಏನಾದ್ರೂ ಬೇಕಾದ್ರೆ ನನ್ನ ಲಂಗ ಎಳೆಯೋಳು, ಅಷ್ಟೇ. ಪಾಯಿಖಾನೆ ಅಂಗಳದ ಆ ಕೊನೇಲಿತ್ತಲ್ಲ, ನಿಮಗೆ ಗೊತ್ತಿರುತ್ತೆ."

"ಗೊತ್ತು. ಬೇಲಿ ಪಕ್ಕ."

"ಕತ್ತಲಾದ್ರೆ ಹೆದರಿಕೆ ಅವಳಿಗೆ. ನಾನು ಹೊರಗೆ ನಿಂತಿರ್ಬೇಕು. ಒಂದ್ಸಲ ಹಾಗೇ ನಿಂತಿದೀನಿ, ಒಳಗಿಂದ ಕೂಗಿದ್ಲು. ‘ಅಮ್ಮಾ, ಇದೀಯಾ?’ ಅಂತ. ಯಾರನ್ನ ಕೂಗಿದ್ಲೋ ನಂಗೆ ಇವತ್ತಿಗೂ ಗೊತ್ತಿಲ್ಲ ಕಣ್ರೀ. ಹೊರಗೆ ನಿಂತಿದ್ದೋಳು ನಾನು. ಇದೀನಿ ಅಂದೆ."

ಹ್ವಾಜಾ ಮುಂದಕ್ಕೆ ಬಾಗಿದಳು. ಗಂಟಲನ್ನು ಚಿಕ್ಕದು ಮಾಡಿದಳು, ತುಟಿ ಮುಂದೆ ತಂದಳು.

"ಅಮ್ಮಾ, ಇದೀಯಾ?"

"ಉಹೂಂ. ಅದು ರೇಡಿಯೋದಲ್ಲಿ ಬರೋ ಮಗು. ಇವಳಿಗೆ ಸದಾ ನೆಗಡಿ. ಸ್ವಲ್ಪ ಮೂಗಲ್ಲಿ."

"ಅಮ್ಮಾ, ಇದೀಯಾ?"

"ಇಷ್ಟು ಮುದ್ದಾಗಿ ಅಲ್ಲ. ಅವಳು ಗದರಿಸೋಳು, ಹೆದರಿಕೆ ಆದಷ್ಟೂ ಗದರಿಸೋಳು. ಕೊನೇಲಿ ದನಿ ಎತ್ತಿ."

ಕೆಲಸದವನೊಬ್ಬ ಬಂದು, "ಅಮ್ಮಾವ್ರೇ, ಮೇಜು ಬೇಕಿತ್ತು" ಎಂದ. ಇಬ್ಬರಲ್ಲಿ ಯಾರೂ ಅವನ ಕಡೆ ತಿರುಗಲಿಲ್ಲ. ಹ್ವಾಜಾ ಕಣ್ಣು ಮುಚ್ಚಿದಳು. ಬೇಲಿಯ ಪಕ್ಕದ ಆ ಹಲಗೆ ಬಾಗಿಲು, ಅದರ ಸಂದಿಯಲ್ಲಿ ಇಳಿಯುವ ಚಳಿ, ಒಳಗೆ ಕುಕ್ಕರುಗಾಲಲ್ಲಿ ಕೂತ ನೆಗಡಿಯ ಮಗು. ತಾನು ಎಂದೂ ಹೊರಗೆ ನಿಲ್ಲದ ಆ ಬಾಗಿಲಿನ ಒಳಗಿನಿಂದ, ಮೂಗಿನಲ್ಲಿ, ಗದರಿಸುತ್ತಾ, ಕೊನೆಯಲ್ಲಿ ದನಿ ಎತ್ತಿ ಕೂಗಿದಳು:

"ಅಮ್ಮಾ! ಇದೀಯಾ?"

ಸುಂದೊಕ್‌ಳ ಕೈಯಿಂದ ಕಡ್ಡಿಗಳು ಜಾರಿದವು.

"ಇದೀನಿ ಕಣೇ" ಎಂದಳು. "ಇಲ್ಲೇ ಇದೀನಿ."